ಪ್ಯಾನಿಕ್ ಅಂದರೆ ಪುಕ್ಕಲುತನವಲ್ಲ

ಮೂರು ವರ್ಷ ನನ್ನನ್ನು ಕಾಡಿದ ಪ್ಯಾನಿಕ್ ಅಟ್ಯಾಕ್ ಬಗ್ಗೆ ಶಿಕ್ಷಕಿಯರ ಸಭೆಯೊಂದರಲ್ಲಿ ಈಚೆಗೆ ಮಾತಾಡಿದೆ. ಆಮೇಲೆ ಬಂದ ಆಕ್ಷೇಪಗಳು ಒಂದೆರಡಲ್ಲ. ಎದುರಿಗೇ ಅಂದವರಿದ್ದಾರೆ, ಯಾರ ಕೈಲೋ ಹೇಳಿ ಕಳಿಸಿದವರಿದ್ದಾರೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಆವತ್ತು ಸಭೆ ಮುಗಿದ ಮೇಲೆ ಇಬ್ಬರು ಹೆಣ್ಣುಮಕ್ಕಳು ಮೂಲೆಗೆ ಕರೆದು, "ನಂಗೂ ಹಿಂಗೇ ಆಗುತ್ತೆ ಅಕ್ಕ" ಎಂದು ಕೈ ಹಿಡಿದುಕೊಂಡಿದ್ದರು. ಈ ಆಕ್ಷೇಪಗಳು ಅವರ ಕಿವಿಗೂ ಬಿದ್ದಿರುತ್ತವೆ. ಹಾಗಾಗಿ ಸುಮ್ಮನಿರಲು ಆಗುತ್ತಿಲ್ಲ.

"ಇದೆಲ್ಲ ಈಗಿನವರ ಕಾಯಿಲೆ. ನಮ್ಮ ಕಾಲದಲ್ಲಿ ಎಲ್ಲಿತ್ತು?" ಎಂದರು ನಿವೃತ್ತ ಮೇಷ್ಟ್ರೊಬ್ಬರು. ಇತ್ತು ಸರ್. ನಮ್ಮ ಅಜ್ಜಿಯ ತಂಗಿ ಒಂದು ದಿನ ಸಂತೆಯ ನಡುವೆ ಕುಸಿದು ಕೂತು "ಜೀವ ಹೋಗ್ತಿದೆ" ಎಂದು ಬೆವೆತು ನೀರಾಗಿದ್ದರಂತೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಅವರು ಸಾಯುವ ತನಕ ಮತ್ತೆ ಸಂತೆಗೆ ಕಾಲಿಡಲಿಲ್ಲ. ಅಮೆರಿಕದ ವೈದ್ಯ ಜೇಕಬ್ ಡಾ ಕೋಸ್ಟಾ ಅಲ್ಲಿನ ಅಂತರ್ಯುದ್ಧದ ಸೈನಿಕರಲ್ಲಿ ಕಂಡ ಎದೆಬಡಿತ, ಎದೆನೋವು, ಏದುಸಿರಿನ ಬಗ್ಗೆ ಬರೆದದ್ದು 1871ರಲ್ಲಿ. ಆ ಸೈನಿಕರ ಹೃದಯದಲ್ಲಿ ರೋಗವೇನೂ ಸಿಕ್ಕಿರಲಿಲ್ಲ. ಪ್ಯಾನಿಕ್ ಕಾಯಿಲೆಗೆ ಅಲ್ಲಿನ ಮನೋವೈದ್ಯರ ಕೈಪಿಡಿ ಪ್ರತ್ಯೇಕ ಜಾಗ ಕೊಟ್ಟದ್ದು 1980ರಲ್ಲಿ. ಹೊಸದಾಗಿ ಬಂದದ್ದು ಹೆಸರು ಮಾತ್ರ. ಇನ್ನು ಮನಸ್ಸಿನ ಕಾಯಿಲೆಯ ಮಾತು ಕನ್ನಡಕ್ಕೆ ಹೊಸದು ಎನ್ನುವಂತೆಯೂ ಇಲ್ಲ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ಇದನ್ನೇ ತಿಳಿಗನ್ನಡದಲ್ಲಿ ಬರೆಯುತ್ತಾ ಬಂದಿದ್ದಾರೆ.

ಎರಡನೆಯದು, ನನಗೆ ಅತಿ ಹೆಚ್ಚು ನೋವು ಕೊಟ್ಟ ಮಾತು: "ಇಸಿಜಿ ನಾರ್ಮಲ್ ಬಂದಿದೆ ಅಂದ್ಮೇಲೆ ಏನೂ ಇಲ್ಲ ಅಂತ ತಾನೆ?" ಆ ಹೊತ್ತಿನ ಇಸಿಜಿಯಲ್ಲಿ ಹೃದಯದ ತೊಂದರೆ ಕಂಡಿಲ್ಲ ಎಂದು ಮಾತ್ರ ಅದರ ಅರ್ಥ. ಮೊದಲ ಸಲ ಎದೆನೋವು, ಉಸಿರುಕಟ್ಟು ಬಂದರೆ ಇಸಿಜಿ ಮಾಡಿಸಲೇಬೇಕು, ಥೈರಾಯ್ಡ್ ಕೂಡ ನೋಡಿಸಬೇಕು. ಅದರಲ್ಲಿ ರಾಜಿಯಿಲ್ಲ. ಆದರೆ ರಿಪೋರ್ಟ್ ಸರಿಯಿದ್ದ ಮಾತ್ರಕ್ಕೆ ದೇಹದಲ್ಲಿ ಏನೂ ನಡೆದಿಲ್ಲ ಎನ್ನುವುದು ತಪ್ಪು. ಹಾವು ಕಂಡಾಗ ನಮ್ಮನ್ನು ಓಡಿಸುವ ಅಡ್ರಿನಾಲಿನ್, ಪ್ಯಾನಿಕ್ ಅಟ್ಯಾಕಿನಲ್ಲಿ ಹಾವಿಲ್ಲದೆಯೇ ರಕ್ತಕ್ಕೆ ನುಗ್ಗುತ್ತದೆ. ಎದೆ ಡವಗುಟ್ಟುತ್ತದೆ, ಉಸಿರು ಬಿರುಸಾಗುತ್ತದೆ. ಉಸಿರು ಬಿರುಸಾದಷ್ಟೂ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಎನ್ನುತ್ತದೆ. ಹಾರ್ಟ್ ಅಟ್ಯಾಕೇ ಇರಬೇಕು ಎಂದು ಮನಸ್ಸು ಚೀರುತ್ತದೆ, ಆ ಚೀರಾಟಕ್ಕೆ ಇನ್ನಷ್ಟು ಅಡ್ರಿನಾಲಿನ್. ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ತಾನೇ ಇಳಿಯುತ್ತದೆ. ಇಷ್ಟನ್ನು ಮೊದಲ ದಿನವೇ ಒಬ್ಬರು ಬಿಡಿಸಿ ಹೇಳಿದ್ದರೆ ನಾನು ನಾಲ್ಕು ಸಲ ಎಮರ್ಜೆನ್ಸಿ ವಾರ್ಡಿಗೆ ಓಡುತ್ತಿರಲಿಲ್ಲ. ಅಲ್ಲಿ ನನ್ನನ್ನು "ಗ್ಯಾಸ್ಟ್ರಿಕ್ ಇರ್ಬೇಕು, ಹೋಗಿ" ಎಂದು ಕಳಿಸಿದ್ದರು.

"ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲ ಸರಿಹೋಗುತ್ತೆ." ಇದು ಹತ್ತಿರದವರ ಮಾತು. ಅವರಿಗೆ ಒಂದು ಬೆಳಗಿನ ಕತೆ ಹೇಳುತ್ತೇನೆ. ತುಮಕೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸು. ಕಿಟಕಿ ಪಕ್ಕದ ಸೀಟು. ಕ್ಯಾತ್ಸಂದ್ರ ದಾಟುವಾಗ ಎದೆ ಡವಗುಟ್ಟಲು ಶುರುವಾಯಿತು. ಗಟ್ಟಿ ಮಾಡಿಕೊಂಡೆ. ಮುಂದಿನ ಸೀಟಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದರೆ ಅಂಗೈ ಬೆವರಿಗೆ ಅದು ಜಾರುತ್ತಿತ್ತು. ಬರಬೇಡ, ಬರಬೇಡ ಎಂದು ಹಲ್ಲು ಕಚ್ಚಿದಷ್ಟೂ ಅದು ಜೋರಾಯಿತು. ಡಾಬಸ್‌ಪೇಟೆ ಬರುವಷ್ಟರಲ್ಲಿ ಎದ್ದು ನಿಂತಿದ್ದೆ. "ಯಾಕ್ ಮೇಡಂ, ಹುಷಾರಿಲ್ವಾ?" ಎಂದ ಕಂಡಕ್ಟರ್. ನಿಲ್ಲಿಸಿ ಅಂದೆ, ಇಳಿದೆ. ಇಳಿದ ಎರಡೇ ನಿಮಿಷಕ್ಕೆ ಎಲ್ಲ ತಣ್ಣಗಾಯಿತು. ನನ್ನ ದುರ್ದೈವ ಅಲ್ಲೇ ಶುರುವಾದದ್ದು. ಇಳಿದಿದ್ದರಿಂದ ಬದುಕಿದೆ ಎಂದು ಮನಸ್ಸು ಪಾಠ ಕಲಿತುಬಿಟ್ಟಿತು.

ಸೆಣಸಿದಷ್ಟೂ ಬಲವಾಗುವುದೇ ಈ ಕಾಯಿಲೆಯ ಗುಣ. ಹಾಗಾಗಿ ಗಟ್ಟಿ ಮನಸ್ಸಿನವರೂ ಇದರಲ್ಲಿ ಸೋಲುತ್ತಾರೆ.

ಗಟ್ಟಿಯಾಗು ಎಂದವರಿಗಿಂತ ಹೆಚ್ಚು ತೊಂದರೆ ಮಾಡಿದವರು ಪ್ರೀತಿಯವರು. ಇದನ್ನು ಬರೆಯಲು ಕಷ್ಟವಾಗುತ್ತದೆ. "ಆಗಲ್ಲ ಅಂದ್ರೆ ಯಾಕೆ ಹೋಗ್ಬೇಕು, ಮನೇಲೇ ಇರು" ಎಂದರು ಯಜಮಾನರು. ನನ್ನ ಸಂಕಟ ನೋಡಲಾರದೆ ಅಂದದ್ದು. ಬಸ್ಸು ಬಿಟ್ಟೆ. ಆಮೇಲೆ ಮದುವೆ ಛತ್ರ ಬಿಟ್ಟೆ, ದೇವಸ್ಥಾನದ ಸಾಲು ಬಿಟ್ಟೆ. ಕೊನೆಗೆ ಬೀದಿ ತುದಿಯ ಅಂಗಡಿಗೂ ಮಗಳನ್ನು ಕಳಿಸುವ ಹಾಗಾಯಿತು. ಅಜ್ಜಿಯ ತಂಗಿಗೆ ಸಂತೆ ತಪ್ಪಿಹೋದದ್ದು ಹೀಗೆಯೇ.

ನನಗೆ ಚಿಕಿತ್ಸೆ ಕೊಟ್ಟ ಆಪ್ತಸಮಾಲೋಚಕಿ ಮಾಡಿಸಿದ್ದು ಇದರ ತಿರುಗಾಮುರುಗಾ. ಮೊದಲು ಎರಡು ಮಹಡಿ ಮೆಟ್ಟಿಲು ಬಿರುಸಾಗಿ ಹತ್ತಿಸಿದರು. ಎದೆ ಹೊಡೆದುಕೊಳ್ಳುವುದನ್ನು ಕೂತು ನೋಡಿ, ಏನೂ ಮಾಡಬೇಡಿ ಎಂದರು. ಆಮೇಲೆ ಬಸ್ಸು. ಯಜಮಾನರ ಜೊತೆ ಕ್ಯಾತ್ಸಂದ್ರದವರೆಗೆ, ಮತ್ತೆ ಅಷ್ಟೇ ದೂರ ಒಬ್ಬಳೇ. ವಾರ ಬಿಟ್ಟು ಡಾಬಸ್‌ಪೇಟೆ, ಆಮೇಲೆ ನೆಲಮಂಗಲ. ದಿಗಿಲು ಬಂದರೆ ಇಳಿಯುವಂತಿಲ್ಲ, ಅದು ಇಳಿಯುವ ತನಕ ಕೂತಿರಬೇಕು. ನೆಲಮಂಗಲದ ಹತ್ತಿರ ಒಮ್ಮೆ ಜೋರಾಗಿಯೇ ಬಂತು. ಗಡಿಯಾರ ನೋಡುತ್ತಾ ಕೂತೆ. ಹದಿನಾಲ್ಕು ನಿಮಿಷ. ಅಷ್ಟರಲ್ಲಿ ಪಕ್ಕದ ಅಜ್ಜಿ ಕಡಲೆಕಾಯಿ ಸುಲಿದು ಕೈಗಿಟ್ಟಿದ್ದರು. ತಿಂದೆ.

"ಪ್ರಾಣಾಯಾಮ ಮಾಡಿ, ಡಾಕ್ಟ್ರು ಯಾಕೆ?" ಎಂದವರಿಗೆ ಅರ್ಧ ಒಪ್ಪಿಗೆ ಇದೆ. ನಿಧಾನವಾದ, ಉದ್ದನೆಯ ಉಸಿರು ನನಗೂ ಒಗ್ಗಿದೆ. ಆದರೆ ದಿಗಿಲು ಬಂದಾಗ ಭಸ್ತ್ರಿಕಾ, ಕಪಾಲಭಾತಿ ಶುರು ಮಾಡಿದರೆ ಮೇಲೆ ಹೇಳಿದ ಜುಮುಜುಮು ಹೆಚ್ಚುತ್ತದೆ. ಇದು ನನ್ನ ಸ್ವಂತ ಅನುಭವ.

ಮಾತ್ರೆ ಚಟವಾಗುತ್ತದೆ ಎಂಬ ಭಯದಲ್ಲೂ ಸ್ವಲ್ಪ ನಿಜವಿದೆ. ತಕ್ಷಣ ಆರಾಮ ಕೊಡುವ ಅಲ್ಪ್ರಜೋಲಮ್ ಜಾತಿಯ ಮಾತ್ರೆಗಳನ್ನು ತಮ್ಮಷ್ಟಕ್ಕೆ ನುಂಗುತ್ತಾ ಹೋದರೆ ಅವು ಅಂಟಿಕೊಳ್ಳುತ್ತವೆ. ಆದರೆ ಸಾಮಾನ್ಯವಾಗಿ ಮನೋವೈದ್ಯರು ಮೊದಲು ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧ ಅಂಥದ್ದಲ್ಲ. ಅದು ಕೆಲಸ ಶುರು ಮಾಡಲು ಕೆಲವು ವಾರ ಬೇಕು, ಬಿಡುವಾಗ ವೈದ್ಯರು ಹೇಳಿದಂತೆ ನಿಧಾನವಾಗಿ ಬಿಡಬೇಕು. ಎಲ್ಲ ಮಾತ್ರೆಗೂ ಒಂದೇ ಹಣೆಪಟ್ಟಿ ಅಂಟಿಸಿ ರೋಗಿಯನ್ನು ಹೆದರಿಸಬೇಡಿ.

ಕೊನೆಯದಾಗಿ, ನನ್ನ ಓರಗಿತ್ತಿಯ ಪ್ರಶ್ನೆ: "ಮದುವೆ ವಯಸ್ಸಿನ ಮಗಳನ್ನ ಇಟ್ಕೊಂಡು ಇದನ್ನೆಲ್ಲ ಊರಿಗೇ ಹೇಳ್ಬೇಕಿತ್ತಾ?" ಹೇಳಬೇಕಿತ್ತು. ನಾನು ಮುಚ್ಚಿಟ್ಟ ಮೂರು ವರ್ಷ ಅಂಗಡಿಗೆ ಓಡಾಡಿದವಳು ಅವಳೇ. ತಾಯಿಗೆ ಬಂದ ಕಾಯಿಲೆ ಕೇಳಿ ಎದ್ದು ಹೋಗುವ ಮನೆಗೆ ಅವಳನ್ನು ಕೊಡುವುದಿಲ್ಲ.

ಆವತ್ತು ಕೈ ಹಿಡಿದ ಇಬ್ಬರಿಗೂ, ಬಾಯಿಬಿಡದೆ ಕೂತಿದ್ದವರಿಗೂ ಒಂದು ಮಾತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ನಂಬರು 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈವತ್ತೇ ಕರೆ ಮಾಡಿ.