ನಿಯಮ ಬದಲಾವಣೆಯ ಬೆಲೆ ತೆರುವವರು ಯಾರು?

ನಿಯಮವೊಂದು ಬದಲಾದಾಗ ಅದರ ಹೊರೆ ಮೊದಲು ಬೀಳುವುದು ಸಣ್ಣ ಹೂಡಿಕೆದಾರನ ಮೇಲೆ. ಬ್ರಿಟನ್ನಿನ ಹವ್ಯಾಸಿ ಕಾರು ಪಂದ್ಯಗಳ ಇತಿಹಾಸ ಇದಕ್ಕೊಂದು ನಿದರ್ಶನ.

1967ರಲ್ಲಿ ಆರಂಭವಾದ ಫಾರ್ಮುಲಾ ಫೋರ್ಡ್ ವರ್ಗದ ತತ್ತ್ವ ಸರಳವಾಗಿತ್ತು: ರಸ್ತೆ ಕಾರಿನ ಎಂಜಿನ್, ರೆಕ್ಕೆಗಳಿಲ್ಲದ ವಿನ್ಯಾಸ ಮತ್ತು ಪೂರ್ಣ ಕಾರಿಗೆ 1,000 ಪೌಂಡುಗಳ ಬೆಲೆಮಿತಿ. ಚಾಸಿ ತಯಾರಿಕೆ ಎಲ್ಲರಿಗೂ ಮುಕ್ತವಾಗಿದ್ದುದರಿಂದ ವ್ಯಾನ್ ಡೀಮನ್, ರೇ ಮುಂತಾದ ಸಣ್ಣ ತಯಾರಕರು ಇದನ್ನೇ ನೆಚ್ಚಿ ಬೆಳೆದರು. ಕಾಲಕ್ರಮೇಣ ಮೂಲ ಬೆಲೆಮಿತಿ ಉಳಿಯಲಿಲ್ಲವಾದರೂ ಕೆಂಟ್ ಎಂಜಿನ್ ಉಳಿಯಿತು. ಹಳೆಯ ಕಾರಿಗೆ ಮರುಮಾರಾಟದ ಬೆಲೆಯೂ ಉಳಿಯಿತು.

ಅನಂತರ ರಾಷ್ಟ್ರೀಯ ಸರಣಿಯ ಎಂಜಿನ್ ಪದೇ ಪದೇ ಬದಲಾಯಿತು: 1993ರಲ್ಲಿ ಜೆಟೆಕ್, 2006ರಲ್ಲಿ ಡ್ಯುರಾಟೆಕ್, 2012ರಲ್ಲಿ ಟರ್ಬೊ ಸಹಿತ ಇಕೋಬೂಸ್ಟ್. ಪ್ರತಿ ಬದಲಾವಣೆಯಲ್ಲೂ ಹಳೆಯ ಕಾರು ಆ ಸರಣಿಯ ಮಟ್ಟಿಗೆ ಗುಜರಿಯ ಸಮೀಪಕ್ಕೆ ಸರಿಯಿತು. ಸ್ಪರ್ಧಿಗಳ ಸಾಲು ತೆಳುವಾಯಿತು. ಇತರ ವರ್ಗಗಳ ಪೈಪೋಟಿಯೂ ಇದಕ್ಕೆ ಕಾರಣವೆಂಬುದು ನಿಜ. 2014ಕ್ಕೆ ಸರಣಿ ಮುಗಿದು, ಮರುವರ್ಷ ಅದರ ಸ್ಥಾನಕ್ಕೆ ಬಂದ ವರ್ಗದಲ್ಲಿ ಚಾಸಿ ಪೂರೈಕೆ ಒಂದೇ ಸಂಸ್ಥೆಯ ಪಾಲಾಯಿತು. ಆದರೆ ನಿಯಮಗಳನ್ನು ಹೆಚ್ಚು ಕದಲಿಸದ ಕ್ಲಬ್ಬುಗಳಲ್ಲಿ ಕೆಂಟ್ ಎಂಜಿನ್ನಿನ ಹಳೆಯ ಕಾರುಗಳು ಇಂದಿಗೂ ಓಡುತ್ತಿವೆ.

ಹಾಗೆಂದು ನಿಯಮ ಬದಲಾಗಲೇಬಾರದೆಂದಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ 2010ರಲ್ಲಿ ಹೋಂಡಾ ಎಂಜಿನ್ನಿಗೆ ಅವಕಾಶವಿತ್ತಾಗ ಫೋರ್ಡ್ ಎಂಜಿನ್ನನ್ನು ಹೊರದೂಡಲಿಲ್ಲ. ಹೊಸತರ ಶಕ್ತಿಯನ್ನು ಹಳೆಯದಕ್ಕೆ ಸರಿದೂಗಿಸಿ, ಎರಡನ್ನೂ ಒಂದೇ ವರ್ಗದಲ್ಲಿ ಓಡಿಸಿತು. ಹೊಸ ಹೂಡಿಕೆಗೆ ದಾರಿ ತೆರೆಯಿತು, ಹಳೆಯ ಹೂಡಿಕೆಯೂ ಉಳಿಯಿತು.

ನಮ್ಮ ವರ್ತಕರಿಗೆ ಇದು ದೂರದ ಮಾತಲ್ಲ. ಬಿಎಸ್-3 ವಾಹನಗಳ ಮಾರಾಟವನ್ನು 2017ರ ಏಪ್ರಿಲ್ 1ರಿಂದ ನಿಷೇಧಿಸಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು ಮಾರ್ಚ್ 29ರಂದು. ಹೊಸ ಮಾನದಂಡದ ಸೂಚನೆ ಮೊದಲೇ ಇತ್ತು. ನಿರ್ಬಂಧ ತಯಾರಿಕೆಗೆ ಮಾತ್ರವೋ ಮಾರಾಟಕ್ಕೂ ಅನ್ವಯಿಸುವುದೋ ಎಂಬುದೇ ವಿವಾದವಾಗಿತ್ತು. ಆ ಅಸ್ಪಷ್ಟತೆಯ ಬೆಲೆಯನ್ನು ದಾಸ್ತಾನು ಹೊಂದಿದವರು ಭಾರಿ ರಿಯಾಯಿತಿಗಳ ರೂಪದಲ್ಲಿ ತೆತ್ತರು.

ಆದ್ದರಿಂದ ನಿಯಮ ರೂಪಿಸುವವರಿಂದ ಉದ್ಯಮ ಕೇಳಬೇಕಾದದ್ದು ವಿನಾಯಿತಿಯನ್ನಲ್ಲ; ಸಾಕಷ್ಟು ಮುಂಚಿನ ಸೂಚನೆ, ಸ್ಪಷ್ಟ ಪದಗಳು ಮತ್ತು ಹಳೆಯ ದಾಸ್ತಾನಿಗೆ ನಿಗದಿತ ಅವಧಿ. ಯಂತ್ರದ ಸವಕಳಿಯನ್ನು ಲೆಕ್ಕಪತ್ರದಲ್ಲಿ ವರ್ಷಗಳಿಗೆ ಹಂಚಬಹುದು. ನಿಯಮವೊಂದು ರಾತ್ರೋರಾತ್ರಿ ತಂದ ನಷ್ಟವನ್ನು ಹಾಗೆ ಹಂಚಲಾಗದು.