ಕರ್ಶಿಯ ಗೆಲುವನ್ನು ಪವಾಡ ಎನ್ನಬೇಡಿ

ಉಜ್ಬೇಕಿಸ್ತಾನ ಎಂದ ಕೂಡಲೇ ನಮ್ಮವರ ನಾಲಿಗೆಗೆ ಬರುವ ಊರುಗಳು ಮೂರೇ. ತಾಷ್ಕೆಂಟ್ ಎಂದರೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಸಾವು, ಸಮರಕಂದ ಎಂದರೆ ತೈಮೂರ, ಅಂದಿಜಾನ್ ಎಂದರೆ ಬಾಬರ್. ಕರ್ಶಿ ಎಂದರೆ ಏನೂ ನೆನಪಾಗುವುದಿಲ್ಲ. ಆದರೆ ಭಾರತದ ಫುಟ್‌ಬಾಲ್ ಕ್ಲಬ್ಬುಗಳು ಈ ಊರನ್ನು ಅಷ್ಟು ಸುಲಭವಾಗಿ ಮರೆಯುವಂತಿಲ್ಲ. 2011ರಲ್ಲಿ ಗೋವಾದ ಡೆಂಪೊ ತಂಡ ಇಲ್ಲಿ 9-0 ಅಂತರದಲ್ಲಿ ಸೋತಿತು. 2021ರ ಸೆಪ್ಟೆಂಬರ್ 22ರಂದು ಎಟಿಕೆ ಮೋಹನ್ ಬಗಾನ್ 6-0 ಅಂತರದಲ್ಲಿ ಸೋತಿತು. ಎರಡೂ ಸಲ ಸೋಲಿಸಿದ್ದು ಕರ್ಶಿಯ ನಸಾಫ್ ಕ್ಲಬ್.

ಆ ಎರಡನೆಯ ಸೋಲಿನ ನೋವಿನಲ್ಲಿ ಬೆಂಗಳೂರಿಗೂ ಪಾಲಿದೆ. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಮಾಲ್ದೀವ್ಸ್‌ನಲ್ಲಿ ನಡೆದ ಅದೇ ಎಎಫ್‌ಸಿ ಕಪ್‌ನ ಗುಂಪು ಹಂತದಲ್ಲಿ ಬೆಂಗಳೂರು ಎಫ್‌ಸಿಯನ್ನು 2-0 ಅಂತರದಲ್ಲಿ ಮಣಿಸಿ ಮುಂದೆ ಹೋಗಿದ್ದು ಇದೇ ಮೋಹನ್ ಬಗಾನ್. ನಮ್ಮನ್ನು ಸೋಲಿಸಿದವರ ಬಲೆಗೆ ಕರ್ಶಿಯಲ್ಲಿ ವಿರಾಮದ ಹೊತ್ತಿಗೇ ಐದು ಗೋಲು ಬಿದ್ದಿತ್ತು.

ಇಂಥ ಫಲಿತಾಂಶ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಒಂದು, 'ಎಲ್ಲೋ ಮೂಲೆಯ ಸಣ್ಣ ಊರಿನವರು, ಅದೇನೋ ಪವಾಡ ಮಾಡಿಬಿಟ್ಟರು' ಎನ್ನುವುದು. ಇನ್ನೊಂದು, 'ಅವರ ಹತ್ತಿರ ಗ್ಯಾಸ್ ದುಡ್ಡಿದೆ ಬಿಡಿ' ಎನ್ನುವುದು. ನನ್ನ ತಕರಾರು ಎರಡರ ಮೇಲೂ ಇದೆ. ಮೊದಲನೆಯದು ಮೆಚ್ಚುಗೆಯಂತೆ ಕೇಳಿಸುವ ತಾತ್ಸಾರ. ಎರಡನೆಯದು ಅರ್ಧ ಸತ್ಯ. ಎರಡೂ ನಮ್ಮನ್ನು ಯೋಚಿಸುವ ಕೆಲಸದಿಂದ ಪಾರು ಮಾಡುತ್ತವೆ.

ಮೊದಲು ಪವಾಡದ ಮಾತು. ಕರ್ಶಿ ಇರುವುದು ತಾಷ್ಕೆಂಟ್‌ನಿಂದ ಸುಮಾರು 500 ಕಿಲೋಮೀಟರ್ ನೈಋತ್ಯಕ್ಕೆ, ಕಶ್ಕದರ್ಯ ಪ್ರಾಂತ್ಯದಲ್ಲಿ. ಹತ್ತಿಯ ಹೊಲಗಳ, ಅನಿಲ ಬಾವಿಗಳ ಸೀಮೆ ಅದು. ಸೋವಿಯತ್ ಕಾಲ ಮುಗಿಯುತ್ತಾ ಬಂದಾಗ, 1980ರ ದಶಕದ ನಡುವಿನಲ್ಲಿ, ಅಲ್ಲಿ ಈ ಕ್ಲಬ್ ಶುರುವಾಯಿತು. 1990ರ ದಶಕದ ಕೊನೆಯ ಭಾಗದಿಂದ ದೇಶದ ಮೇಲಿನ ಲೀಗ್‌ನಲ್ಲಿ ಆಡಿಕೊಂಡು ಬಂದಿದೆ. ಮೂರನೆಯ ಸ್ಥಾನ, ಎರಡನೆಯ ಸ್ಥಾನ, ಮತ್ತೆ ಮೂರನೆಯ ಸ್ಥಾನ: ಹೀಗೆ ವರ್ಷಗಳು ಕಳೆದವು. ಲೀಗ್ ಮೊದಲ ಬಾರಿ ಕೈಗೆ ಬಂದದ್ದು 2024ರಲ್ಲಿ.

ಆ 2024ರ ಮಹತ್ವ ತಿಳಿಯಲು ಹಿಂದಿನ ಪಟ್ಟಿ ನೋಡಬೇಕು. ಸ್ವಾತಂತ್ರ್ಯದ ನಂತರದ ಮೊದಲ ವರ್ಷಗಳಲ್ಲಿ ಫರ್ಗಾನಾದ ನೆಫ್ತ್ಚಿ, ನಮಂಗಾನ್‌ನ ನವ್‌ಬಹೋರ್‌ನಂಥ ಪ್ರಾಂತ್ಯದ ಕ್ಲಬ್ಬುಗಳು ಚಾಂಪಿಯನ್ ಆಗಿದ್ದವು. 2001ರಲ್ಲಿ ನೆಫ್ತ್ಚಿ ಗೆದ್ದ ಮೇಲೆ ಆ ಬಾಗಿಲು ಮುಚ್ಚಿತು. 2002ರಿಂದ 2023ರವರೆಗೆ ಸತತ 22 ವರ್ಷ ಪ್ರಶಸ್ತಿ ತಾಷ್ಕೆಂಟ್ ನಗರ ಬಿಟ್ಟು ಆಚೆ ಹೋಗಲಿಲ್ಲ. ಪಖ್ತಕೋರ್, ಬುನ್ಯೋದ್ಕೋರ್, ಲೋಕೊಮೋಟಿವ್ ಎಂಬ ರಾಜಧಾನಿಯ ಮೂರು ಕ್ಲಬ್ಬುಗಳೇ ಅದನ್ನು ಹಂಚಿಕೊಂಡವು. ಕೊನೆಯ ಐದು ವರ್ಷವಂತೂ ಪಖ್ತಕೋರ್ ಒಂದರದೇ ಆಳ್ವಿಕೆ. ಅದನ್ನು ಮುರಿದದ್ದು ನಸಾಫ್. ಕಾಲು ಶತಮಾನದಷ್ಟು ಕಾಲ ಸಾಲಿನಲ್ಲಿ ನಿಂತು ಪಡೆದದ್ದನ್ನು ಪವಾಡ ಎಂದು ಕರೆದರೆ ಆ ಕಾಲು ಶತಮಾನವನ್ನು ಅಳಿಸಿಹಾಕಿದಂತೆ. ರಾಜಧಾನಿಯವರ ಗೆಲುವಿಗೆ 'ಸಾಧನೆ', ಜಿಲ್ಲೆಯವರ ಗೆಲುವಿಗೆ 'ಅಚ್ಚರಿ' ಎಂಬ ಭಾಷೆ ಅಲ್ಲಿ ಮಾತ್ರ ಇಲ್ಲ. ನಮ್ಮ ಪಿಯುಸಿ ಫಲಿತಾಂಶದ ಸುದ್ದಿಯಲ್ಲೂ ಅದನ್ನು ಕಾಣಬಹುದು.

ಈಗ ದುಡ್ಡಿನ ಮಾತಿಗೆ ಬರೋಣ. ನಸಾಫ್‌ನ ಬೆನ್ನಿಗೆ ಪ್ರಾಂತ್ಯದ ಅನಿಲ ಉದ್ಯಮ ನಿಂತಿತ್ತು, ಶುರ್ತಾನ್‌ನ ಅನಿಲ-ರಾಸಾಯನಿಕ ಕಾರ್ಖಾನೆ ಅದಕ್ಕೆ ಪ್ರಾಯೋಜಕ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ದುಡ್ಡೇ ಎಲ್ಲವನ್ನೂ ತಂದುಕೊಡುವಂತಿದ್ದರೆ ಗೆಲ್ಲಬೇಕಾಗಿದ್ದವರು ಬೇರೆ. ತಾಷ್ಕೆಂಟ್‌ನ ಬುನ್ಯೋದ್ಕೋರ್ 2008ರಲ್ಲಿ ಬ್ರೆಜಿಲ್‌ನ ರಿವಾಲ್ಡೊ ಅವರನ್ನೇ ಕರೆತಂದಿತು. ಜೀಕೊ ಬಂದು ಕೋಚ್ ಆದರು, ಅವರ ನಂತರ 2009ರಲ್ಲಿ ಬಂದವರು ಬ್ರೆಜಿಲ್‌ಗೆ ವಿಶ್ವಕಪ್ ಗೆಲ್ಲಿಸಿದ್ದ ಸ್ಕೊಲಾರಿ. ಸತತ ನಾಲ್ಕು ಲೀಗ್ ಗೆದ್ದರು, ನಿಜ. ಏಷ್ಯಾದ ಒಂದು ಕಪ್ಪೂ ಸಿಗಲಿಲ್ಲ. 2010ರಲ್ಲಿ ಬೆನ್ನಿಗಿದ್ದ ಜೆರೋಮ್ಯಾಕ್ಸ್ ಕಂಪನಿ ಕುಸಿಯಿತು. ಸ್ಕೊಲಾರಿ ಹೋದರು, ರಿವಾಲ್ಡೊ ಹೋದರು. 2013ರ ನಂತರ ಆ ಕ್ಲಬ್ ಲೀಗ್ ಗೆದ್ದಿಲ್ಲ.

ಏಷ್ಯಾದ ಕಪ್ ಹೋದದ್ದು ಕರ್ಶಿಗೆ. 2011ರ ಅಕ್ಟೋಬರ್ 29ರಂದು ತನ್ನದೇ ಊರಿನ ಕ್ರೀಡಾಂಗಣದಲ್ಲಿ ನಸಾಫ್ 2-1ರಿಂದ ಕುವೈತ್ ಎಸ್‌ಸಿಯನ್ನು ಸೋಲಿಸಿ ಎಎಫ್‌ಸಿ ಕಪ್ ಎತ್ತಿತು. ಅದು ಏಷ್ಯಾದ ಎರಡನೆಯ ದರ್ಜೆಯ ಟೂರ್ನಿ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ. ಉಜ್ಬೇಕ್ ಕ್ಲಬ್ಬೊಂದು ಏಷ್ಯಾ ಫುಟ್‌ಬಾಲ್ ಒಕ್ಕೂಟದ ಕಪ್ ಗೆದ್ದದ್ದು ಅದೇ ಮೊದಲು.

ಇಲ್ಲಿ ನನ್ನ ವಾದಕ್ಕೆ ಅನುಕೂಲವಲ್ಲದ ಒಂದು ಸಂಗತಿಯನ್ನೂ ಹೇಳಬೇಕು. 2011ರ ತಂಡ ಪೂರ್ತಿ ಮಣ್ಣಿನ ಮಕ್ಕಳದಾಗಿರಲಿಲ್ಲ. ಕೋಚ್ ಆಗಿದ್ದವರು ಉಕ್ರೇನಿನ ಅನತೊಲಿ ದೆಮ್ಯಾನೆಂಕೊ. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, ಹತ್ತು ಗೋಲು ಹೊಡೆದ ಇವಾನ್ ಬೊಶ್ಕೊವಿಚ್ ಮಾಂಟೆನೆಗ್ರೊದವರು. ಹೊರಗಿನವರನ್ನು ಕರೆಸುವ ದಾರಿಯನ್ನು ಕರ್ಶಿಯೂ ತುಳಿದಿತ್ತು. ಆದರೆ ಹತ್ತು ವರ್ಷದ ನಂತರ ಮೋಹನ್ ಬಗಾನ್ ವಿರುದ್ಧ ಮೊದಲ ಅರ್ಧದಲ್ಲೇ ಹ್ಯಾಟ್ರಿಕ್ ಹೊಡೆದದ್ದು ಹುಸಾಯಿನ್ ನೊರ್ಚಯೆವ್. ನಸಾಫ್‌ನಲ್ಲೇ ಬೆಳೆದು ಮೇಲೆ ಬಂದ, ಆಗಿನ್ನೂ 19 ವರ್ಷದ ಹುಡುಗ. ಕೋಚ್ ರುಜಿಕುಲ್ ಬೆರ್ದಿಯೆವ್ ಕೂಡ ಉಜ್ಬೇಕ್. ಆ ಸಲ ಫೈನಲ್‌ನಲ್ಲಿ ಬಹ್ರೇನಿನ ಮುಹರ್ರಕ್ ಎದುರು 3-0 ಅಂತರದಲ್ಲಿ ಸೋತರು. ಸೋತ ಮೇಲೆ ತಂಡವನ್ನು ಬಿಚ್ಚಿ ಮಾರಲಿಲ್ಲ, ಕೋಚನ್ನು ಓಡಿಸಲಿಲ್ಲ. 2021, 2022, 2023ರಲ್ಲಿ ಸತತ ಮೂರು ಬಾರಿ ಉಜ್ಬೇಕಿಸ್ತಾನ್ ಕಪ್ ಬಂತು, ಆಮೇಲೆ ಅದೇ ಬೆರ್ದಿಯೆವ್ ಅವರ ಕೈಯಲ್ಲಿ ಲೀಗ್ ಬಂತು. ದುಡ್ಡು ಇದ್ದದ್ದು ನಿಜ. ಆ ದುಡ್ಡು ಒಂದೇ ಊರಿನಲ್ಲಿ, ಒಂದೇ ಕೆಲಸದ ಮೇಲೆ, ವರ್ಷಗಟ್ಟಲೆ ಬಿತ್ತು ಎಂಬುದು ಸತ್ಯದ ಉಳಿದರ್ಧ.

ನಮ್ಮ ಕಡೆ ತಿರುಗೋಣ. ಡೆಲ್ಲಿ ಡೈನಮೋಸ್ 2019ರಲ್ಲಿ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಎಫ್‌ಸಿ ಪುಣೆ ಸಿಟಿ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಆ ಹೈದರಾಬಾದ್ 2022ರಲ್ಲಿ ಐಎಸ್‌ಎಲ್ ಚಾಂಪಿಯನ್. 2025ರಲ್ಲಿ ಅದೂ ದೆಹಲಿಗೆ ಹೋಯಿತು. ಕಪ್ ಗೆದ್ದುಕೊಟ್ಟ ತಂಡ ಮೂರೇ ವರ್ಷದಲ್ಲಿ ಊರು ಬಿಟ್ಟರೆ, ಆ ಊರಿನ ಹತ್ತು ವರ್ಷದ ಹುಡುಗ ಯಾವ ಅಂಗಿ ತೊಡಬೇಕು? ನೊರ್ಚಯೆವ್‌ನಂಥವರು ತಯಾರಾಗಲು ಹತ್ತು ವರ್ಷ ಬೇಕು. ನಮ್ಮ ಕ್ಲಬ್ಬುಗಳು ಅಷ್ಟು ಕಾಲ ಒಂದು ಕಡೆ ನಿಲ್ಲುವುದೇ ಕಷ್ಟ.

ಹೆಸರಿನ ವಿಷಯವನ್ನೇ ನೋಡಿ. ಸೋವಿಯತ್ ಪದ್ಧತಿಯಲ್ಲಿ ಕ್ಲಬ್ಬುಗಳಿಗೆ ಕಸುಬಿನ ಹೆಸರು: ಪಖ್ತಕೋರ್ ಎಂದರೆ ಹತ್ತಿ ಬೆಳೆಯುವವನು, ನೆಫ್ತ್ಚಿ ಎಂದರೆ ತೈಲದ ಕೆಲಸಗಾರ. ಕರ್ಶಿಯವರು ಸ್ವಾತಂತ್ರ್ಯದ ನಂತರ ಆರಿಸಿಕೊಂಡದ್ದು ತಮ್ಮ ಊರಿನ ಹಳೆಯ ಹೆಸರನ್ನು. 14ನೆಯ ಶತಮಾನದಲ್ಲಿ ಚಗತಾಯಿ ವಂಶದ ಕೆಬೆಕ್ ಖಾನ್ ಅಲ್ಲಿ ಅರಮನೆ ಕಟ್ಟಿಸಿ, ಅರಮನೆ ಎಂಬರ್ಥದ 'ಕರ್ಶಿ' ಎಂಬ ಹೆಸರು ನಿಲ್ಲುವುದಕ್ಕೆ ಮೊದಲು ಆ ಊರನ್ನು ಜನ ಕರೆಯುತ್ತಿದ್ದದ್ದು ನಸಾಫ್ ಎಂದು. ಅವತ್ತು ಎದುರಿಗೆ ನಿಂತದ್ದು 1889ರಲ್ಲಿ ಹುಟ್ಟಿದ ಮೋಹನ್ ಬಗಾನ್. ಅದರ ಹೆಸರಿನ ಮುಂದೆ ಫ್ರಾಂಚೈಸಿಯೊಂದರ ಮೂರು ಅಕ್ಷರ ಅಂಟಿತ್ತು. ಅಭಿಮಾನಿಗಳು ವರ್ಷಗಟ್ಟಲೆ ಕೂಗಾಡಿದ ಮೇಲೆ 2023ರಲ್ಲಿ ಆ ಅಕ್ಷರಗಳನ್ನು ಕಿತ್ತರು, 'ಸೂಪರ್ ಜೈಂಟ್' ಎಂಬ ಬಾಲ ಹಚ್ಚಿದರು. ಹೆಸರಿನಿಂದ ಗೋಲು ಬೀಳುವುದಿಲ್ಲ, ಗೊತ್ತು. ಆದರೆ ಕ್ಲಬ್ ಯಾರದು ಎಂಬ ಪ್ರಶ್ನೆಗೆ ಮೊದಲ ಉತ್ತರ ಇರುವುದು ಹೆಸರಿನಲ್ಲೇ.

ನಸಾಫ್ ಆದರ್ಶ ಕ್ಲಬ್ ಎಂದು ನಾನು ಹೇಳುತ್ತಿಲ್ಲ. ಉದ್ಯಮದ, ಸರ್ಕಾರದ ಕೃಪೆಯಲ್ಲಿ ಬದುಕುವ ಕ್ಲಬ್ಬಿಗೆ ಆ ಕೃಪೆ ತಪ್ಪಿದ ದಿನ ಕಷ್ಟ ಕಾದಿದೆ. ಬೆಂಗಳೂರಿನಲ್ಲೇ ಅದಕ್ಕೆ ಸಾಕ್ಷಿ ಇದೆ: ರಾಷ್ಟ್ರಮಟ್ಟದ ಲೀಗ್‌ಗಳಲ್ಲಿ ಆಡಿದ ಐಟಿಐ, ಎಚ್‌ಎಎಲ್ ತಂಡಗಳು ಇಂದು ಆ ಮಟ್ಟದಲ್ಲಿಲ್ಲ. ಹೀಗಿರುವಾಗ ಕರ್ಶಿಯಿಂದ ಕಲಿಯಬೇಕಾದ್ದು ಅನಿಲ ಬಾವಿ ಹುಡುಕುವುದನ್ನಲ್ಲ. ಇದ್ದ ಊರಿನಲ್ಲೇ ಇರುವುದನ್ನು, ಎರಡನೆಯ ಸ್ಥಾನ ಬಂದ ವರ್ಷವೂ ಅಂಗಡಿ ಮುಚ್ಚದಿರುವುದನ್ನು.

ಇದನ್ನು ಒಂದು ಸಾಹಿತ್ಯ ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಇತಿಹಾಸವನ್ನು ರಾಜಧಾನಿಯಿಂದ ಬರೆಯುವ ಚಾಳಿಯನ್ನು ಪ್ರಶ್ನಿಸುವುದು ಸಾಹಿತ್ಯದ ಹಳೆಯ ಕೆಲಸ ಎಂದು ನಂಬಿದವನು ನಾನು. 22 ವರ್ಷ ತಾಷ್ಕೆಂಟ್‌ನ ಹೆಸರಷ್ಟೇ ಕೆತ್ತಿದ್ದ ಪಟ್ಟಿಯಲ್ಲಿ ಈಗ ಕರ್ಶಿಯ ಹೆಸರಿದೆ. ಮುಂದಿನ ಸಲ ಭಾರತದ ಯಾವುದಾದರೂ ತಂಡ ಅಲ್ಲಿ ಸೋತು ಬಂದಾಗ 'ಅದ್ಯಾವ ಊರು?' ಎಂದು ಕೇಳುವ ಮೊದಲು, ಸೋತ ತಂಡ ಐದು ವರ್ಷದ ಹಿಂದೆ ಯಾವ ಊರಿನಲ್ಲಿತ್ತು, ಯಾವ ಹೆಸರಿನಲ್ಲಿತ್ತು ಎಂದು ವಿಚಾರಿಸಿ.