ಸಿಪ್ಪೆಯೊಳಗಣ ಸಕ್ಕರೆ

ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆಗಳ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳದೇ ಸಾಲು. ಒಂದು ಟನ್ ಕಬ್ಬಿನಿಂದ ದೊರೆಯುವ ಸಕ್ಕರೆ ಸುಮಾರು 100 ಕಿಲೋ. ಹಿಂಡಿ ಉಳಿಯುವ ಹಸಿ ಸಿಪ್ಪೆ 250ರಿಂದ 300 ಕಿಲೋ. ಅದರ ಬಹುಪಾಲು ಕಾರ್ಖಾನೆಯ ಬಾಯ್ಲರಿನಲ್ಲಿಯೇ ಉರಿದು ಉಗಿಯಾಗುತ್ತದೆ, ವಿದ್ಯುತ್ತಾಗುತ್ತದೆ. ಆದುದರಿಂದ ಅದನ್ನು ಬರಿಯ ಕಸವೆನ್ನಲಾಗದು. ಆದರೂ ಬೆಂಕಿಗೆ ಬೀಳುವ ಆ ಸಿಪ್ಪೆಯಲ್ಲಿ ಇನ್ನೊಂದು ಬಗೆಯ ಸಕ್ಕರೆ ಅಡಗಿದೆ.

ಒಣಸಿಪ್ಪೆಯ ಸುಮಾರು ಕಾಲುಭಾಗ ಹೆಮಿಸೆಲ್ಯುಲೋಸ್ ಎಂಬ ನಾರು. ಅದರಲ್ಲಿ ಮುಖ್ಯವಾದುದು ಕ್ಸೈಲಾನ್. ಕ್ಸೈಲೋಸ್ ಎಂಬ ಸಕ್ಕರೆಯ ಕಣಗಳು ಮಣಿಗಳಂತೆ ಕೋದುಕೊಂಡ ಉದ್ದನೆಯ ಸರ. ಹಾಗಾದರೆ ಕಬ್ಬನ್ನು ಸಿಪ್ಪೆಸಹಿತ ನುಂಗಬಹುದಲ್ಲವೇ ಎಂದು ಮಕ್ಕಳು ಕೇಳಿಯಾರು. ನುಂಗಿದರೆ ಫಲವಿಲ್ಲ. ಲಿಗ್ನಿನ್ ಎಂಬ ಗಟ್ಟಿ ವಸ್ತು ಆ ಸರವನ್ನು ಬಿಗಿದುಕೊಂಡಿರುತ್ತದೆ. ಬಿಡಿಸಿದರೂ ಅದನ್ನು ಕಡಿಯುವ ಕಿಣ್ವ ಮನುಷ್ಯನ ಜೀರ್ಣರಸಗಳಲ್ಲಿಲ್ಲ.

ಈ ಬಿಡಿಸುವ, ಕಡಿಯುವ ಕೆಲಸವೇ ನಾಜೂಕಿನದು. ಮೊದಲು ಕ್ಷಾರದಲ್ಲಿಯೋ ಒತ್ತಡದ ಬಿಸಿನೀರಿನಲ್ಲಿಯೋ ಬೇಯಿಸಿ ಕ್ಸೈಲಾನನ್ನು ಬಿಡಿಸಿಕೊಳ್ಳಬೇಕು. ಅನಂತರ ಕ್ಸೈಲನೇಸ್ ಎಂಬ ಕಿಣ್ವದಿಂದ ಎರಡರಿಂದ ಏಳು ಮಣಿಗಳ ತುಣುಕುಗಳಾಗಿ ಕತ್ತರಿಸಬೇಕು. ಕಡಿಮೆ ಕತ್ತರಿಸಿದರೆ ಸರ ಉದ್ದವಾಗಿಯೇ ಉಳಿಯುತ್ತದೆ. ಅತಿಯಾದರೆ ಬಿಡಿ ಮಣಿಗಳಾಗಿ ಪ್ರಯೋಜನ ಕೆಡುತ್ತದೆ. ಕಾವು ಮಿತಿಮೀರಿದರಂತೂ ಫರ್ಫ್ಯುರಾಲ್ ಎಂಬ ಬೇಡದ ವಸ್ತು ಹುಟ್ಟಿ, ಅದನ್ನು ತೆಗೆದು ಶುದ್ಧಿಮಾಡುವ ಖರ್ಚು ಮೇಲೆ ಬೀಳುತ್ತದೆ. ಮೆಕ್ಕೆಜೋಳದ ದಿಂಡಿನಿಂದ ಇಂಥ ಪುಡಿಯನ್ನು ಚೀನಾ, ಜಪಾನುಗಳಲ್ಲಿ ಈಗಾಗಲೇ ತಯಾರಿಸಿ ಮಾರಿದ್ದಾರೆ.

ಸರಿಯಾಗಿ ಕತ್ತರಿಸಿದ ತುಣುಕುಗಳು ಜಠರದ ಆಮ್ಲಕ್ಕೆ ಕರಗದೆ, ಸಣ್ಣಕರುಳನ್ನು ದಾಟಿ, ದೊಡ್ಡಕರುಳನ್ನು ಸೇರುತ್ತವೆ. ಅಲ್ಲಿ ನೆಲೆಸಿರುವ ಬಿಫಿಡೋ ಜಾತಿಯ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಆಮ್ಲಗಳನ್ನುಂಟುಮಾಡುತ್ತವೆ. ಆ ಆಮ್ಲಗಳನ್ನುಂಡು ಬೇರೆ ಬ್ಯಾಕ್ಟೀರಿಯಾಗಳು ಬ್ಯುಟಿರಿಕ್ ಆಮ್ಲವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ಹೀಗೆ ಕರುಳಿನ ಹಿತಕರ ಜೀವಿಗಳಿಗೆ ಉಣಿಸಾಗುವ ಪದಾರ್ಥಕ್ಕೆ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು 1995ರಲ್ಲಿ 'ಪ್ರಿಬಯಾಟಿಕ್' ಎಂದು ಹೆಸರಿಟ್ಟರು. ದಿನಕ್ಕೆ ಬೇಕಾಗುವುದು ಕೆಲವೇ ಗ್ರಾಂ. ಹೆಚ್ಚಾದರೆ ಹೊಟ್ಟೆಯುಬ್ಬರ ತಪ್ಪದು.

ಕಾರ್ಖಾನೆಗಳ ಲೆಕ್ಕಾಚಾರ ಬೇರೆ. ಹೆಮಿಸೆಲ್ಯುಲೋಸ್ ತೆಗೆದ ಮೇಲೂ ಉಳಿದ ಸಿಪ್ಪೆ ಉರಿಯಬಲ್ಲದು, ಆದರೆ ಒದ್ದೆಯಾದ ಅದನ್ನು ಮತ್ತೆ ಒಣಗಿಸಬೇಕು. ವಿದ್ಯುತ್ ಮಾರಿ ಬರುವ ಹಣವನ್ನು ಬಿಟ್ಟು ಪುಡಿಯನ್ನು ನಂಬುವುದು ಸುಲಭವಲ್ಲ.

ಮನೆಗಳಲ್ಲಿಯಾದರೋ ಪುಡಿಯ ಡಬ್ಬಿಗೆ ಕಾಯಬೇಕಾದುದಿಲ್ಲ. ಜೋಳದ ಹಿಟ್ಟನ್ನು ಜರಡಿ ಹಿಡಿದಾಗ ಮೇಲುಳಿಯುವ ತೌಡಿನಲ್ಲಿಯೂ ಕ್ಸೈಲಾನ್ ಜಾತಿಯ ನಾರಿದೆ. ಸದ್ಯಕ್ಕೆ ಅದು ಎಮ್ಮೆಯ ಕಲಗಚ್ಚಿಗೆ ಹೋಗುತ್ತಿದೆ.